ಆರ್ಡರ್ ಕಾಪಿಯಲ್ಲಿದ್ದ ಒಂದು ಪದ

ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ್ದೆ. ದಾಖಲೆ ಪರಿಶೀಲನೆಗೆ ಕರೆ ಬಂತು. ಫೈಲ್ ನೋಡುತ್ತಿದ್ದವರು ನನ್ನ ಎಂಟು ವರ್ಷದ ಸರ್ವಿಸ್ ಸರ್ಟಿಫಿಕೇಟ್ ತಿರುವಿ ಹಾಕಿ, ಅದರ ಹಿಂದೆ ಪಿನ್ ಮಾಡಿದ್ದ ನೇಮಕಾತಿ ಆದೇಶವನ್ನು ನಿಧಾನವಾಗಿ ಓದಿ, ಒಂದು ಪದದ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ‘ಕನ್ಸಾಲಿಡೇಟೆಡ್’, ಅಂದರೆ ವೇತನ ಶ್ರೇಣಿ, ಭತ್ಯೆ ಏನೂ ಇಲ್ಲದ ಒಂದೇ ಮೊತ್ತದ ಸಂಬಳ.

"ಈ ಸರ್ವಿಸ್ ಲೆಕ್ಕಕ್ಕೆ ಬರಲ್ಲ ಮೇಡಂ."

ಎಂಟು ವರ್ಷ. ದಿನಾ ಐದು ಗಂಟೆ ಪಾಠ, ಲ್ಯಾಬ್, ಇಂಟರ್ನಲ್ಸ್, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಪಾಸಣೆಯ ಫೈಲುಗಳು. ಅಷ್ಟೂ ಆ ಮೇಜಿನ ಮೇಲೆ ಸೊನ್ನೆ ಆಯಿತು.

ಅವರ ಮೇಲೆ ನನಗೆ ಸಿಟ್ಟಿಲ್ಲ, ನಿಯಮ ಇರುವುದೇ ಹಾಗೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಪ್ರಕಾರ ಅಸೋಸಿಯೇಟ್ ಪ್ರೊಫೆಸರ್ ಆಗಲು ಪಿಎಚ್‌ಡಿ ಬೇಕು, ಕನಿಷ್ಠ 8 ವರ್ಷ ಅನುಭವ ಬೇಕು, 7 ಸಂಶೋಧನಾ ಪ್ರಬಂಧ ಬೇಕು. ಆದರೆ ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆ ಸುಮ್ನೆ ಲೆಕ್ಕಕ್ಕೆ ಬರುವುದಿಲ್ಲ. ಗುತ್ತಿಗೆಯಲ್ಲಿ ಮಾಡಿದ ಹುದ್ದೆಗೆ ಬೇಕಾದ ಅರ್ಹತೆ ಆಗಲೇ ಇರಬೇಕು. ಸರಿಯಾಗಿ ರಚನೆಯಾದ ಆಯ್ಕೆ ಸಮಿತಿ ನಮ್ಮನ್ನು ಆರಿಸಿರಬೇಕು. ಒಟ್ಟು ಸಂಬಳ ಕಾಯಂ ಅಸಿಸ್ಟೆಂಟ್ ಪ್ರೊಫೆಸರ್‌ಗೆ ಸಿಗುವುದಕ್ಕಿಂತ ಕಡಿಮೆ ಇರಬಾರದು. ನನ್ನ ಹತ್ತಿರ ಮೊದಲನೆಯದು ಮಾತ್ರ ಇತ್ತು. 2014ರಲ್ಲಿ ನನ್ನ ಸಂದರ್ಶನ ಮಾಡಿದ್ದು ಪ್ರಿನ್ಸಿಪಾಲರು ಮತ್ತು ಟ್ರಸ್ಟಿನ ಕಾರ್ಯದರ್ಶಿ, ಹತ್ತೇ ನಿಮಿಷ. ವಿಷಯ ತಜ್ಞರು ಒಬ್ಬರೂ ಇರಲಿಲ್ಲ. "ಇಪ್ಪತ್ತೆಂಟು ಸಾವಿರ ಕನ್ಸಾಲಿಡೇಟೆಡ್, ಒಪ್ಪಿಗೆ ಅಲ್ವಾ?" ಅಂದರು. ತಲೆಯಾಡಿಸಿದೆ. ಕೆಲಸ ಕೊಡುವವರ ಹತ್ತಿರ ಚೌಕಾಶಿ ಮಾಡಬಾರದು ಅಂತ ಅಪ್ಪ ಹೇಳಿ ಕಳಿಸಿದ್ದರು.

ಸಂಬಳ ಕಡಿಮೆ ಆದರೆ ಆ ತಿಂಗಳ ಖರ್ಚಿಗೆ ಕಷ್ಟ, ಅಷ್ಟೇ ಅಂದುಕೊಂಡಿದ್ದೆ. ಅದು ಎಂಟು ವರ್ಷದ ನಂತರ ಬಂದು ಸರ್ವಿಸನ್ನೇ ತಿಂದುಹಾಕುತ್ತದೆ ಅಂತ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರ್ಜಿಯ ಬಗ್ಗೆ ಜಾಸ್ತಿ ಹೇಳಲ್ಲ. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ವಿಶ್ವವಿದ್ಯಾಲಯಗಳು ನೂರು ಅಂಕದ ಪಟ್ಟಿ ಹಿಡಿದು ಅರ್ಜಿ ಸೋಸುತ್ತವೆ. ಪಿಎಚ್‌ಡಿಗೆ 30, ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಜೊತೆ ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇದ್ದರೆ 7, ಬರೀ ನೆಟ್‌ಗೆ 5, ನಮ್ಮ ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್‌ಗೆ 3. ಆ ಅಂಕ ಸಂದರ್ಶನದ ಬಾಗಿಲವರೆಗೆ ಮಾತ್ರ. ಆಯ್ಕೆ ಸಂದರ್ಶನದ ಮೇಲೆ. ಹಾಗಾಗಿ ಪ್ರತಿ ಪ್ರಬಂಧಕ್ಕೆ, ಪ್ರತಿ ವರ್ಷದ ಅನುಭವಕ್ಕೆ ಕಾಗದ ಜೋಡಿಸಿಡಿ, ಸಾಕು.

ಮಾತುಕತೆ ಅಂತ ಬಂದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜಾಗ ಕಡಿಮೆ. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ ಶುರುವಾಗುವುದೇ 57,700ಕ್ಕೆ, ಅದರ ಮೇಲೆ ಡಿಎ, ಎಚ್‌ಆರ್‌ಎ. ಮೊದಲೇ ಸರ್ಕಾರಿ ಕೆಲಸದಲ್ಲಿದ್ದು ಪ್ರಾಪರ್ ಚಾನೆಲ್‌ನಲ್ಲಿ, ಅಂದರೆ ತಮ್ಮ ಇಲಾಖೆಯ ಮೂಲಕವೇ ಅರ್ಜಿ ಹಾಕಿ ಬಂದವರು ಪೇ ಪ್ರೊಟೆಕ್ಷನ್, ಅಂದರೆ ಹಳೇ ಸಂಬಳ ಕಡಿಮೆ ಆಗದ ಹಾಗೆ ಕೇಳಬಹುದು. ನಿಜವಾದ ಮಾತುಕತೆ ನಡೆಯುವುದು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ.

ನನ್ನ ಎರಡನೇ ಕೆಲಸ ಸಿಕ್ಕಿದ್ದು ಬೆಂಗಳೂರಿನ ಅಂಥ ಒಂದು ಕಡೆ. ಡೆಮೊ ಕ್ಲಾಸ್ ಚೆನ್ನಾಗಿ ಆಯಿತು. ಮರುದಿನ ಎಚ್‌ಆರ್‌ನಿಂದ ಫೋನು. "ಅರವತ್ತೈದು ಸಾವಿರ ಮೇಡಂ, ಕನ್ಸಾಲಿಡೇಟೆಡ್. ಸೋಮವಾರ ಸೇರ್ಕೊಳ್ತೀರಾ?" ಆ ಪದ ಕಿವಿಗೆ ಬಿದ್ದ ಕೂಡಲೇ ಪೆನ್ಸಿಲ್ ಗೆರೆ ಕಣ್ಣ ಮುಂದೆ ಬಂತು. ತುಂಬಾ ಖುಷಿಯಾಯಿತು ಸರ್, ಎರಡು ದಿನ ಟೈಮ್ ಕೊಡಿ, ಷರತ್ತುಗಳನ್ನು ಮೇಲ್‌ನಲ್ಲಿ ಕಳಿಸಿ ಅಂದೆ. ಕೈ ನಡುಗುತ್ತಿತ್ತು.

ಮೇಲ್ ಬಂತು. ಉತ್ತರ ಬರೆಯಲು ಒಂದಿಡೀ ರಾತ್ರಿ ಬೇಕಾಯಿತು. ಸಂಬಳ ಜಾಸ್ತಿ ಮಾಡಿ ಅಂತ ಬರೆಯಲಿಲ್ಲ. ಯುಜಿಸಿ ವೇತನ ಶ್ರೇಣಿಯಲ್ಲಿ ಆರ್ಡರ್ ಕೊಡಿ, ಆಯ್ಕೆ ಸಮಿತಿಯ ಸಭೆ ನಡೆದ ದಿನಾಂಕ ಆದೇಶದಲ್ಲಿ ನಮೂದಿಸಿ ಅಂತ ಬರೆದೆ. ಪಾಠದ ಹೊರೆ ವಾರಕ್ಕೆ 16 ಗಂಟೆ ಅಂತ ಯುಜಿಸಿಯೇ ಹೇಳಿದೆ, ಅದನ್ನೂ ಬರೆಯಿರಿ ಅಂದೆ. ನಾನು ಕೆಮಿಸ್ಟ್ರಿಯವಳು, ಲ್ಯಾಬಿನ ವಿಷದ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ನನ್ನ ಸಂಶೋಧನೆ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ, ಅದಕ್ಕೆ ಒಂದು ಫ್ಯೂಮ್ ಹುಡ್ ಮತ್ತು ಪ್ರಾರಂಭಕ್ಕೆ ಸ್ವಲ್ಪ ಸಂಶೋಧನಾ ಹಣ ಕೇಳಿದೆ. ಒರಿಜಿನಲ್ ಅಂಕಪಟ್ಟಿಗಳನ್ನು ತೋರಿಸುತ್ತೇನೆ, ಇಟ್ಟುಕೊಳ್ಳಲು ಕೊಡುವುದಿಲ್ಲ ಅಂತಲೂ ಸೇರಿಸಿದೆ. ಕಾಲೇಜಿನ ಬೀರುವಿನಲ್ಲಿ ನಮ್ಮ ಡಿಗ್ರಿ ಸಿಕ್ಕಿಹಾಕಿಕೊಂಡರೆ ಬೇರೆ ಕಡೆ ಅರ್ಜಿ ಹಾಕುವ ಸ್ವಾತಂತ್ರ್ಯವೂ ಹೋಗುತ್ತದೆ.

ನಾಲ್ಕು ದಿನ ಸದ್ದಿಲ್ಲ. ಕೈಯಲ್ಲಿದ್ದ ಕೆಲಸವೂ ಹೋಯಿತು ಅಂತ ಮನೆಯಲ್ಲಿ ಎಲ್ಲರೂ ಸಪ್ಪಗಾಗಿದ್ದರು. ಐದನೇ ದಿನ ರಿಜಿಸ್ಟ್ರಾರ್ ಅವರೇ ಫೋನ್ ಮಾಡಿದರು. ವೇತನ ಶ್ರೇಣಿ ಆಯಿತು, ಸಮಿತಿಯ ದಿನಾಂಕ ಆಯಿತು. 16 ಗಂಟೆಗೂ ಒಪ್ಪಿದರು. ಫ್ಯೂಮ್ ಹುಡ್ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಕು. ಸಂಶೋಧನಾ ಹಣ ಇಲ್ಲ. ಸರ್ಟಿಫಿಕೇಟ್ ವಿಷಯ ಅವರು ಎತ್ತಲೇ ಇಲ್ಲ, ನಾನೂ ಕೊಡಲಿಲ್ಲ.

ಕೇಳಿದ್ದಕ್ಕೆ ಯಾರೂ ಬೈಯಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮಂಥ ಮನೆಯಿಂದ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಎದೆಯೊಳಗೇ ಕೂತಿರುತ್ತದೆ. ಕೆಲವು ಕಡೆ ಹೋಗಲೂಬಹುದು, ನಿಜ. ಆದರೆ ನಿಯಮದಲ್ಲಿ ಇರುವುದನ್ನೇ ಕಾಗದದ ಮೇಲೆ ಕೇಳಿದ್ದಕ್ಕೆ ಬಾಗಿಲು ಹಾಕುವ ಜಾಗದಲ್ಲಿ ಮುಂದಿನ ಎಂಟು ವರ್ಷ ಹೇಗಿರುತ್ತದೆ, ಯೋಚನೆ ಮಾಡಿ.

ಕಳೆದ ವಾರ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ದಾವಣಗೆರೆಯಿಂದ ಫೋನ್ ಮಾಡಿದ್ದಳು. ಕೆಸೆಟ್ ಆಗಿದೆ, ಕಾಲೇಜೊಂದರಲ್ಲಿ ಆರ್ಡರ್ ಕೊಟ್ಟಿದ್ದಾರೆ, ನಾಳೆಯೇ ಸಹಿ ಹಾಕಬೇಕಂತೆ. ಎರಡನೇ ಪ್ಯಾರಾ ಓದಮ್ಮ ಅಂದೆ. ಓದುತ್ತಾ ಓದುತ್ತಾ ಆ ಪದಕ್ಕೆ ಬಂದಳು. ಅಲ್ಲೇ ನಿಲ್ಲಿಸಿದೆ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಫೋನಿನಲ್ಲೇ ಕೂತು ಮೇಲ್ ಬರೆದೆವು. ಕಳಿಸುವಾಗ ಅವಳೂ ಕೇಳಿದಳು, "ಮ್ಯಾಮ್, ಏನೂ ಅಂದ್ಕೊಳ್ಳಲ್ಲ ಅಲ್ವಾ ಅವರು?"