ಹಳೆಯ ಜೀಪಿಗೆ ಹೊಸ ಕಮಾನು: ಎತ್ತರ ಬೇರೆ, ಬಿರುಸು ಬೇರೆ

ಕಳೆದ ಮಳೆಗಾಲದಲ್ಲಿ ಕಲಘಟಗಿ ಕಡೆಯ ನಮ್ಮ ಹೊಲದಿಂದ ಧಾರವಾಡಕ್ಕೆ ಮರಳುವಾಗ ಜೀಪಿನ ಎಡ ಮುಂಗಾಲಿಯ ಬಳಿ ‘ಟಣ್’ ಎಂದು ಸದ್ದಾಯಿತು. ಬಗ್ಗಿ ನೋಡಿದರೆ ಗಾಡಿಯ ಭಾರ ಹೊರುವ ಕಮಾನಿನ (ಲೀಫ್ ಸ್ಪ್ರಿಂಗ್) ಮೂರನೆಯ ಪಾಟಾ, ಅಂದರೆ ಉಕ್ಕಿನ ಪಟ್ಟಿ, ನಡುವಿನ ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಎರಡು ತುಂಡಾಗಿತ್ತು. ಮುರಿದ ಮುಖದ ಮೇಲರ್ಧ ತುಕ್ಕು ಹಿಡಿದು ಕಂದಾಗಿತ್ತು, ಕೆಳಗಿನರ್ಧ ಮಾತ್ರ ಹೊಸದಾಗಿ ಬೂದು ಬಣ್ಣಕ್ಕೆ ಹೊಳೆಯುತ್ತಿತ್ತು. ಭಾರ ಬಿದ್ದಾಗ ಪಾಟಾದ ಮೇಲ್ಮೈಯೇ ಹಿಗ್ಗುವುದರಿಂದ ಬಿರುಕು ಅಲ್ಲಿಂದಲೇ ಶುರುವಾಗಿ, ನಮಗಾರಿಗೂ ಕಾಣದಂತೆ ಎಷ್ಟೋ ದಿನ ಒಳಗಿಳಿಯುತ್ತ ಬಂದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಸಡಿಲವಾದ ಗಾಡಿಯಲ್ಲಿ ಪಾಟಾ ಮುರಿಯುವುದು ಹೆಚ್ಚಾಗಿ ಇದೇ ಜಾಗದಲ್ಲಿ.

ನಮ್ಮದು ಮಹೀಂದ್ರ ತಯಾರಿಸಿದ ಸಿಜೆ-3ಬಿ. ಮಹೀಂದ್ರ ಸಂಸ್ಥೆ ನಮ್ಮ ದೇಶದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದ್ದು 1947ರಲ್ಲಿ; ಎತ್ತರದ ಬಾನೆಟ್ಟಿನ ಈ ಮಾದರಿ ಅಮೆರಿಕದಲ್ಲಿ 1953ರಲ್ಲಿ ಬಂದಿತು. ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್ ಹಳೆಯದಕ್ಕಿಂತ ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ತಂದೆಯವರು ಗಾಡಿ ಕೊಳ್ಳುವ ವೇಳೆಗಾಗಲೇ ಆ ಎಂಜಿನ್ ಹೋಗಿ ಅದರ ಜಾಗದಲ್ಲಿ ಅದಕ್ಕಿಂತ ಭಾರವಾದ ಡೀಸೆಲ್ ಎಂಜಿನ್ ಕುಳಿತಿತ್ತು. ಈ ಭಾಗದ ಎಷ್ಟೋ ಜೀಪುಗಳ ಕಥೆ ಇದೇ, ಮತ್ತು ಕಮಾನು ಆರಿಸುವಾಗ ಮೊದಲು ನೆನಪಿಡಬೇಕಾದ ಸಂಗತಿಯೂ ಇದೇ.

ನಾನು ಮೊದಲು ಮಾಡಿದ್ದು ಅವಸರದ ಕೆಲಸ. ಒಂದು ಅಂಗಡಿಯಲ್ಲಿ ‘ಹೆವಿ ಡ್ಯೂಟಿ’ ಎಂದು ತೋರಿಸಿದ ಸಿದ್ಧ ಸೆಟ್ಟನ್ನು ತಂದು, ಹೇಗೂ ಹಿಂಭಾಗವೂ ಕುಗ್ಗಿದೆಯಲ್ಲ ಎಂದು ಮೊದಲು ಹಿಂದಿನ ಎರಡು ಕಮಾನುಗಳನ್ನು ಬದಲಿಸಿದೆ. ಗಾಡಿ ನೋಡಲು ನೆಟ್ಟಗೆ ನಿಂತಿತು. ಆದರೆ ಖಾಲಿ ಗಾಡಿಯಲ್ಲಿ ಹೊಲದ ದಾರಿಗೆ ಇಳಿದಾಗ ಅದು ಚಕ್ಕಡಿಗಿಂತ ಹೆಚ್ಚು ಕುಕ್ಕತೊಡಗಿತು. ಹಿಂದೆ ಕುಳಿತಿದ್ದ ನಮ್ಮ ಅವ್ವ ಅರ್ಧ ದಾರಿಗೇ ಇಳಿದು ನಡೆದೇ ಬಂದರು. ಅಂಗಡಿಯವರನ್ನು ಕೇಳಿದರೆ ಓಡುತ್ತ ಓಡುತ್ತ ಹದಕ್ಕೆ ಬರುತ್ತದೆ ಎಂದರು. ದಪ್ಪ ಪಾಟಾ ಹಾಗೆ ಹದಕ್ಕೆ ಬರುವುದಿಲ್ಲ.

ಹುಬ್ಬಳ್ಳಿಯಲ್ಲಿ ಲಾರಿಗಳಿಗೆ ಕಮಾನು ಕಟ್ಟುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಚಾಚಾ ಎಂದೇ ಕರೆಯುತ್ತಾರೆ. ಬಿಚ್ಚಿಟ್ಟಿದ್ದ ಹಳೆಯ ಹಿಂಗಮಾನನ್ನು ಅವರ ಮುಂದಿಟ್ಟಾಗ ಒಂದೊಂದೇ ಪಾಟಾವನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು, ನಾದ ಕೇಳಿ, “ಇದು ಕುಂತೈತಿ ಅಷ್ಟರೀ, ಶಕ್ತಿ ಹೋಗಿಲ್ಲ” ಎಂದರು. ಆ ಮಾತಿನಲ್ಲಿ ಈ ವಿಷಯದ ಮುಕ್ಕಾಲು ಪಾಲು ಅಡಗಿದೆ. ಕಮಾನು ವರ್ಷಗಟ್ಟಲೆ ಭಾರ ಹೊತ್ತು ಕುಗ್ಗಿದಾಗ ಅದರ ಬಾಗು ಕಡಿಮೆಯಾಗುತ್ತದೆ, ಗಾಡಿ ತಗ್ಗುತ್ತದೆ. ಆದರೆ ಪಾಟಾಗಳ ಸಂಖ್ಯೆ, ಅಗಲ, ದಪ್ಪ, ಉದ್ದ ಬದಲಾಗದಿರುವುದರಿಂದ ಅದರ ಬಿರುಸು, ಅಂದರೆ ಭಾರಕ್ಕೆ ಬಗ್ಗದೆ ತಡೆಯುವ ಗುಣ, ಬಹುಮಟ್ಟಿಗೆ ಮೊದಲಿನಷ್ಟೇ ಉಳಿಯುತ್ತದೆ. ತಗ್ಗಿದ ಗಾಡಿಯನ್ನು ಎತ್ತಲು ಪಾಟಾ ಸೇರಿಸುತ್ತ ಹೋದರೆ ನಾವು ಒಂದು ರೋಗಕ್ಕೆ ಇನ್ನೊಂದರ ಔಷಧ ಕೊಟ್ಟಂತೆ. ಬೇಕಾದದ್ದು ಬಾಗು, ನಾವು ಕೊಡುವುದು ಬಿರುಸು.

ಇದನ್ನು ಅಳೆದು ನೋಡಲೇಬೇಕೆನಿಸಿ ಹಳೆಯ ಕಮಾನುಗಳನ್ನು ಮತ್ತೆ ಹಾಕಿಸಿ, ಮನೆಯ ಅಂಗಳದಲ್ಲಿ ಹಿಂದಿನ ಆಕ್ಸಲ್ಲಿನ ನೇರ ಮೇಲೆ ಡಿಎಪಿ ಗೊಬ್ಬರದ ನಾಲ್ಕು ಚೀಲ ಇಟ್ಟೆ. ಯೂರಿಯಾ ಚೀಲ 45 ಕೆ.ಜಿ. ಇರುತ್ತದೆ, ಡಿಎಪಿ 50. ಹಾಗಾಗಿ ಲೆಕ್ಕ 200 ಕೆ.ಜಿ.ಗೆ ಸರಿಹೋಯಿತು. ಪಾಟಾಗಳ ನಡುವಿನ ತಿಕ್ಕಾಟ ಗಾಡಿಯನ್ನು ಹಿಡಿದಿಟ್ಟು ಅಳತೆ ತಪ್ಪಿಸುವುದರಿಂದ ಪ್ರತಿ ಸಲವೂ ಗಾಡಿಯನ್ನು ಮೂರು ನಾಲ್ಕು ಬಾರಿ ಒತ್ತಿ ಬಿಟ್ಟು, ಆಕ್ಸಲ್ಲಿನಿಂದ ಚಾಸಿಯವರೆಗೆ ಎರಡೂ ಬದಿ ಅಳೆದೆ. ಹಳೆಯ ಕಮಾನು 26 ಮಿ.ಮೀ. ಇಳಿದಿತ್ತು, ಹೆವಿ ಡ್ಯೂಟಿ ಸೆಟ್ಟಿದ್ದಾಗ ಇದೇ ಭಾರಕ್ಕೆ ಇಳಿದದ್ದು 15 ಮಿ.ಮೀ. ಮಾತ್ರ.

ಕಾರಣ ದಪ್ಪ ಅಳೆಯುವ ವರ್ನಿಯರ್ ಹಿಡಿದಾಗ ತಿಳಿಯಿತು. ಹಳೆಯದರಲ್ಲಿ 6 ಮಿ.ಮೀ. ದಪ್ಪದ ಒಂಬತ್ತು ಪಾಟಾಗಳಿದ್ದವು, ಹೊಸದರಲ್ಲಿ 7 ಮಿ.ಮೀ.ಯ ಹತ್ತು. ಒಂದು ಮಿಲಿಮೀಟರ್ ಕೈಗೆ ತಿಳಿಯುವ ಅಂತರವೇ ಅಲ್ಲ. ಆದರೆ ಬಿರುಸು ಪಾಟಾಗಳ ಸಂಖ್ಯೆಗೆ ತಕ್ಕಂತೆ ನೇರವಾಗಿ ಏರಿದರೆ, ದಪ್ಪಕ್ಕೆ ತಕ್ಕಂತೆ ಘನದ ಲೆಕ್ಕದಲ್ಲಿ ಏರುತ್ತದೆ: ಆರರ ಘನ 216, ಏಳರ ಘನ 343. ದಪ್ಪವೊಂದರಿಂದಲೇ ಪಾಟಾ ಒಂದೂವರೆ ಪಟ್ಟು ಮೀರಿ ಬಿರುಸಾಯಿತು. ಹತ್ತನೆಯ ಪಾಟಾ ಸೇರಿದರೆ ಒಟ್ಟು ಒಂದೂಮುಕ್ಕಾಲು ಪಟ್ಟು. ಆದ್ದರಿಂದ ಕಮಾನು ಕೊಳ್ಳುವವರು ಪಾಟಾ ಎಷ್ಟಿವೆ ಎಂದು ಎಣಿಸುವ ಮೊದಲು ದಪ್ಪ ಅಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮುಂಭಾಗದ ಪ್ರಶ್ನೆ ಬೇರೆ, ಅಲ್ಲಿ ಭಾರವೇ ಬದಲಾಗಿದೆ. ಅಮರಗೋಳದ ಎಪಿಎಂಸಿ ಬಳಿಯ ವೇ ಬ್ರಿಡ್ಜಿನಲ್ಲಿ ಮೊದಲು ಮುಂದಿನ ಗಾಲಿಗಳನ್ನಷ್ಟೇ, ಆಮೇಲೆ ಹಿಂದಿನವನ್ನಷ್ಟೇ ಹತ್ತಿಸಿ ತೂಗಿಸಿದೆ: ಮುಂದೆ 700 ಕೆ.ಜಿ., ಹಿಂದೆ 580. ಮೂಲ ಪೆಟ್ರೋಲ್ ಎಂಜಿನ್ನೇ ಇರುವ ಗೆಳೆಯರೊಬ್ಬರ ಸಿಜೆ-3ಬಿ ಅದೇ ಕಾಟಾದ ಮೇಲೆ ಮುಂದೆ 590 ತೂಗಿತು. ಹಾಗಾದರೆ ನಮ್ಮ ಗಾಡಿಯಲ್ಲಿ ಒಂದೊಂದು ಮುಂಗಮಾನೂ ತನ್ನ ಲೆಕ್ಕಕ್ಕಿಂತ 55 ಕೆ.ಜಿ. ಹೆಚ್ಚು ಹೊರುತ್ತಿದೆ. ಮಿಲಿಮೀಟರಿಗೆ ಸುಮಾರು 5 ಕೆ.ಜಿ. ತಡೆಯುವ ಕಮಾನಿಗೆ ಅದು 11 ಮಿ.ಮೀ.ಯ ಇಳಿತ. ಇಲ್ಲಿ ಒಂದು ಪಾಟಾ ಸೇರಿಸುವುದು ನ್ಯಾಯವೇ. ಹಾಗಾಗಿ ಐದೂವರೆ ಮಿ.ಮೀ. ದಪ್ಪದ ಹತ್ತು ಪಾಟಾಗಳ ಬದಲು ಅದೇ ದಪ್ಪದ ಹನ್ನೊಂದು, ಜೊತೆಗೆ ತುಸು ಹೆಚ್ಚಿನ ಬಾಗು ಎಂದು ತೀರ್ಮಾನಿಸಿದೆವು.

ಪ್ಯಾರಾಬೋಲಿಕ್ ಕಮಾನನ್ನೂ ಕೆಲವರು ಸೂಚಿಸಿದರು. ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಎರಡು ಮೂರು ಪಾಟಾಗಳಷ್ಟೇ ಅದರಲ್ಲಿರುತ್ತವೆ, ತಿಕ್ಕಾಟ ಕಡಿಮೆ, ಓಟ ಮೃದು. ಆದರೆ ಆ ತಿಕ್ಕಾಟವೇ ಹಳೆಯ ಜೀಪಿನ ಕುಣಿತವನ್ನು ಅಷ್ಟಿಷ್ಟು ತಡೆಯುತ್ತದೆ. ಅದನ್ನು ತೆಗೆದರೆ ಶಾಕ್ ಅಬ್ಸಾರ್ಬರುಗಳನ್ನೂ ಬದಲಿಸಬೇಕು. ನನಗೆ ಅದು ಬೇಡವೆನಿಸಿತು. ಲಾರಿಯ ಹಳೆಯ ಪಾಟಾವನ್ನು ಗ್ಯಾಸಿನಿಂದ ಸೀಳಿ ಅಗಲ ಇಳಿಸಿಕೊಡುತ್ತೇವೆ ಎಂದವರೂ ಇದ್ದರು. ಗ್ಯಾಸಿನ ಉರಿ ತಾಗಿದ ಅಂಚಿನಲ್ಲಿ ಉಕ್ಕಿನ ಹದ ಕೆಟ್ಟು ಅಲ್ಲಿಂದಲೇ ಮುರಿಯುತ್ತದೆ, ಅದನ್ನು ಯಾರೂ ಒಪ್ಪಬಾರದು.

ಕೊನೆಗೆ ಚಾಚಾ ಅವರೇ ಮುಂಭಾಗಕ್ಕೆ ಸಿಲಿಕಾನ್-ಮ್ಯಾಂಗನೀಸ್ ಉಕ್ಕಿನ ಹೊಸ ಪಾಟಾಗಳನ್ನು, ಒಂದೂಮುಕ್ಕಾಲು ಇಂಚಿನ ಅಗಲ ತಪ್ಪದಂತೆ, ಕಟ್ಟಿಕೊಟ್ಟರು. ಹಿಂಭಾಗದ ಹಳೆಯ ಪಾಟಾಗಳನ್ನು ಬರಿದೇ ಬಡಿದು ಬಾಗಿಸಲಿಲ್ಲ. ಹಾಗೆ ಬಾಗಿಸಿದ್ದು ಬೇಗನೆ ಮತ್ತೆ ಕೂರುತ್ತದೆ. ಕುಲುಮೆಯಲ್ಲಿ ಕಾಯಿಸಿ, ಬಾಗು ಕೊಟ್ಟು, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಆರಿಸಿದರು. ತುಕ್ಕು ತೆಗೆದು ಪಾಟಾಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿದೆವು. ಪಾಟಾಗಳನ್ನು ಒಟ್ಟಿಗೆ ಹಿಡಿಯುವ ಕ್ಲಿಪ್ಪುಗಳನ್ನು ಬಿಡಲೇಬಾರದು, ಏಕೆಂದರೆ ಗಾಲಿ ಗುಂಡಿಗೆ ಇಳಿದು ಕಮಾನು ಕೆಳಕ್ಕೆ ಸಡಿಲವಾದಾಗ ಆ ಕ್ಲಿಪ್ಪಿಲ್ಲದಿದ್ದರೆ ಎಲ್ಲ ಎಳೆತವೂ ಮೇಲಿನ ಮುಖ್ಯ ಪಾಟಾ ಒಂದರ ಮೇಲೇ ಬೀಳುತ್ತದೆ. ಕಮಾನಿನ ತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್ಲುಗಳಲ್ಲಿ ಕೆಲವಕ್ಕೆ ಎಡಗಡೆಯ ಮರೆ (ಎಡಕ್ಕೆ ತಿರುಗಿಸಿ ಬಿಗಿಯುವ ಸ್ಕ್ರೂ ಸುತ್ತು) ಇರುತ್ತದೆ. ಅದನ್ನರಿಯದೆ ಜೋರಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ. ಯು-ಬೋಲ್ಟುಗಳನ್ನು ಮಾತ್ರ ಹಳೆಯವನ್ನೇ ಹಾಕಲು ನಾನು ಒಪ್ಪಲಿಲ್ಲ, ಎಂಟನ್ನೂ ಹೊಸದಾಗಿ ತಂದೆ.

ನೂರು ಕಿಲೋಮೀಟರ್ ಓಡಿದ ಮೇಲೆ ಯು-ಬೋಲ್ಟುಗಳಿಗೆ ಪಾನಾ ಹಾಕಿ ನೋಡಿದಾಗ ಎಂಟರಲ್ಲಿ ಐದು ಬೋಲ್ಟುಗಳು ಕಾಲು ಸುತ್ತಿನಷ್ಟು ಬಿಗಿ ಹಿಡಿದವು. ಅದೇ ನಾಲ್ಕು ಚೀಲಗಳನ್ನು ಮತ್ತೆ ಹೇರಿ ಅಳೆದೆ: ಹಿಂಭಾಗ 25 ಮಿ.ಮೀ. ಇಳಿಯಿತು, ಖಾಲಿ ಗಾಡಿಯ ಎತ್ತರ ಮೊದಲಿಗಿಂತ 40 ಮಿ.ಮೀ. ಹೆಚ್ಚಾಗಿತ್ತು. ಕಳೆದ ವಾರ ಅವ್ವ ಹೊಲದವರೆಗೂ ಕುಳಿತೇ ಬಂದರು.