ಕೈ ಎತ್ತಿದ ಹುಡುಗಿ

ಸಂಜೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸ ಇತ್ತು. ಹೋಗಿದ್ದೆ.

ಭಾಷಣ ಮುಗಿದಿದ್ದೇ ತಡ, ಮುಂದಿನ ಸಾಲಲ್ಲಿದ್ದ ಒಬ್ಬಳು ಹುಡುಗಿ ಕೈ ಎತ್ತಿದಳು. ಸ್ಕೂಲ್ ಯೂನಿಫಾರ್ಮು, ಬೆನ್ನಿಂದ ಬ್ಯಾಗ್ ಕೂಡ ಇಳಿಸಿರಲಿಲ್ಲ. ಪ್ರಶ್ನೆಯನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡಿದ್ದಳು, ಹೊಡೆದುಹಾಕಿ, ತಿದ್ದಿ, ಮತ್ತೆ ಬರೆದು.

"ಸರ್, ಇದು ನಿಜ ಅಂತ ಹೇಗೆ ಗೊತ್ತಾಯ್ತು?"

ನನಗೆ ತಕ್ಷಣ ನೆನಪಾಗಿದ್ದು ಎಚ್. ನರಸಿಂಹಯ್ಯ ಮೇಷ್ಟ್ರು. 1962ರಲ್ಲಿ ಈ ಫೋರಂ ಶುರುಮಾಡಿದವರು. ಓದೋಕೆ ಅಂತ ಗೌರಿಬಿದನೂರಿನ ಕಡೆಯಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ. 1942ರ ಚಳವಳಿಯಲ್ಲಿ ಜೈಲು ಕಂಡವರು. ಅಮೆರಿಕದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್.ಡಿ. ಮಾಡಿ, ಮತ್ತೆ ಇದೇ ಕಾಲೇಜಿಗೆ ಬಂದರು.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದಾಗಲೂ ಈ ಕಾಲೇಜಿನ ಹಾಸ್ಟೆಲಿನಲ್ಲಿ ತಾವಿದ್ದ ಕೋಣೆ ಬಿಡಲಿಲ್ಲ. ಒಂದೇ ಒಂದು ಕೋಣೆ! ಮದುವೆ ಆಗಲಿಲ್ಲ, ಸ್ವಂತಕ್ಕೊಂದು ಮನೆ ಮಾಡಿಕೊಳ್ಳಲಿಲ್ಲ. ಬಾಗೇಪಲ್ಲಿ, ಗೌರಿಬಿದನೂರಿನಂಥ ಬರದ ಊರುಗಳ ಮಕ್ಕಳಿಗೆ ಕಾಲೇಜು ಆಗಲಿ ಅಂತ ಓಡಾಡಿದರು.

ಎಲ್ಲರೂ ಅವರ ಸರಳತೆ ಬಗ್ಗೆ ಮಾತಾಡ್ತಾರೆ. ಸರಿಯೇ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು, ಪ್ರಶ್ನೆ ಕೇಳೋಕೆ ಹೆದರದ ಒಂದು ಜಾಗವನ್ನ ಊರಿಗೆ ಮಾಡಿಕೊಟ್ಟಿದ್ದು. ಅವರು ಹೋಗಿದ್ದು 2005ರಲ್ಲಿ. ಈ ಹುಡುಗಿ ಆಗಿನ್ನೂ ಹುಟ್ಟೇ ಇರಲಿಲ್ಲ.

ಉಪನ್ಯಾಸಕರು ಅವಳ ಪ್ರಶ್ನೆಗೆ ಬೋರ್ಡ್ ಮೇಲೆ ಚಿತ್ರ ಬರೆದು ನಿಧಾನವಾಗಿ ಉತ್ತರ ಕೊಟ್ಟರು. ಅವಳು ಇನ್ನೊಂದು ಕೇಳಿದಳು.

ಮುಂದಿನ ಸಲ ಅಕ್ಕನ ಮಗನನ್ನೂ ಕರ್ಕೊಂಡು ಹೋಗ್ತೀನಿ. ನೀವೂ ಬರೋದಾದ್ರೆ ಹೇಳಿ, ಒಟ್ಟಿಗೇ ಹೋಗೋಣ.