ಅಪ್ಪನ ನೀಲ್ಗಿರಿ ಮರ

ನಮ್ಮದು ತಾಳವಾಡಿ ಅಂದ ತಕ್ಷಣ ಎಲ್ರೂ 'ಓ, ರಾಜ್‌ಕುಮಾರ್ ಊರ ಕಡೆಯವ್ರಾ' ಅಂತಾರೆ, ಹೌದು, ಗಾಜನೂರು ಪಕ್ಕದಲ್ಲೇ. ಮುಂದಿನ ಪ್ರಶ್ನೆ 'ಅದು ಕರ್ನಾಟಕ ತಾನೆ?' ಅಲ್ಲ ಸ್ವಾಮಿ, ಈರೋಡು ಜಿಲ್ಲೆ. 1956ರಲ್ಲಿ ಕೊಳ್ಳೇಗಾಲದವ್ರು ಮೈಸೂರಿಗೆ ಸೇರ್ಕೊಂಡ್ರು, ನಾವು ಮದ್ರಾಸಲ್ಲೇ ಉಳ್ಕೊಂಡ್ವಿ, ಮನೇಲಿ ಕನ್ನಡ, ರೇಷನ್ ಕಾರ್ಡಲ್ಲಿ ತಮಿಳು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನಾನೂ ಅಪ್ಪನೂ ಹೋಗಿದ್ದು ಊಟಿಗೆ, ಅದೂ ತಮಿಳುನಾಡೇ, ಆದ್ರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಮೇಟುಪಾಳ್ಯ ಸುತ್ತೋದು ಬೇಡ ಅಂತ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ ಹಿಡ್ಕೊಂಡು ಹೋದ್ವಿ. ನಮ್ಮ ರಾಜ್ಯದಿಂದ ನಮ್ಮ ರಾಜ್ಯಕ್ಕೇ ಹೋಗೋಕೆ ಪಕ್ಕದ ರಾಜ್ಯ ದಾಟೋ ಜನ ನಾವು.

ಅಪ್ಪ ಕೋಸಿನ ಲೋಡ್ ಜೊತೆ ಎಷ್ಟೋ ಸಲ ಮೇಟುಪಾಳ್ಯದ ಮಂಡಿಗೆ ಹೋಗಿದ್ದವರೇ, ಅಲ್ಲಿಂದ ತಲೆ ಎತ್ತಿದ್ರೆ ನೀಲಗಿರಿ ಬೆಟ್ಟ ಕಾಣುತ್ತೆ, ಆದ್ರೆ ಹತ್ತಿರಲಿಲ್ಲ. ಲಾರಿ ಬಾಡಿಗೆ, ಕೂಲಿ ಕಳೆದ್ಮೇಲೆ ಊಟಿ ನೋಡೋ ಅಷ್ಟು ಉಳಿಯೋದೂ ಇಲ್ಲ ಬಿಡಿ. ಈ ಸಲ ನಾನೇ ಹಟ ಮಾಡಿ ಕರ್ಕೊಂಡು ಹೋದೆ. ಅವರಿಗೆ ಬೋಟು, ಟ್ರೇನು ಏನೂ ಬೇಕಿರಲಿಲ್ಲ. "ಗಾರ್ಡನ್ ನೋಡವ ನಡಿ, ಅಲ್ಲಿ ದೊಡ್ಡ ದೊಡ್ಡ ನೀಲ್ಗಿರಿ ಮರ ಇದ್ದವಂತೆ" ಅಂದ್ರು. ನಮ್ಮ ಹೊಲದ ಬದೀಲಿ ಅಪ್ಪ ಹಾಕಿದ ಎಂಟು ನೀಲ್ಗಿರಿ ಮರ ಇದಾವೆ. ಕೆಳಗೆ ಹುಲ್ಲೂ ಹುಟ್ಟಲ್ಲ, ಬೋರಲ್ಲಿ ನೀರು ಕಮ್ಮಿ ಆಗಿದ್ದಕ್ಕೂ ಅವೇ ಕಾರಣ, ಕಡಿಸಿಬಿಡೋಣ ಅಂತ ತಮ್ಮ ಎರಡು ವರ್ಷದಿಂದ ಹೇಳ್ತಾನೇ ಇದಾನೆ. ಆಚೆ ಕರ್ನಾಟಕದಲ್ಲಿ 2017ರಲ್ಲೇ ಹೊಸದಾಗಿ ನೆಡೋದನ್ನ ನಿಲ್ಲಿಸಿದಾರೆ ಅಂತಾನೂ ಹೇಳಿದ. ಅಪ್ಪ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ. ಅಂಥವರು ಈಗ ಆ ಮರದ ತವರುಮನೆ ನೋಡಕ್ಕೆ ಹೊರಟಿದ್ರು.

ಸೀಸನ್ ಅಲ್ಲ, ಹಂಗಾಗಿ ಜನ ಕಮ್ಮಿ, ಮೇ ತಿಂಗಳಲ್ಲಿ ಫ್ಲವರ್ ಶೋ ಟೈಮಲ್ಲಿ ಬಂದಿದ್ರೆ ತಲೆಗಳನ್ನ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಊಟಿ ಬೊಟಾನಿಕಲ್ ಗಾರ್ಡನ್ ಗೇಟ್ ದಾಟಿದ್ರೆ ಹುಲ್ಲುಹಾಸು, ಅಪ್ಪ ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿ "ಇಷ್ಟು ಹುಲ್ಲಿದ್ರೂ ಒಂದು ದನ ಇಲ್ವಲ್ಲವ್ವ" ಅಂದ್ರು. ತೋಟ ಸುಮಾರು 55 ಎಕರೆ, ದೊಡ್ಡಬೆಟ್ಟದ ಇಳಿಜಾರಲ್ಲೇ ಮಾಡಿರೋದು, ಅಂದ್ರೆ ಒಳಗೆ ಎಲ್ಲಿ ಹೋದ್ರೂ ಹತ್ತಬೇಕು ಇಲ್ಲಾ ಇಳೀಬೇಕು. ಅಪ್ಪನ ಮಂಡಿ ನೋವಿನ ಲೆಕ್ಕ ನಾನು ಹಾಕೇ ಇರಲಿಲ್ಲ, ನನ್ನದೇ ತಪ್ಪು. ಹತ್ತು ಹೆಜ್ಜೆಗೊಂದು ಮರ ಒರಗಿ ನಿಲ್ಲೋರು, ನಿಂತಾಗೆಲ್ಲ ಆ ಮರದ ತೊಗಟೆ ಸವರಿ ನೋಡೋರು. ಒಂಥರಾ ಒಳ್ಳೇದೇ ಆಯ್ತು, ಬೇರೆಯವರೆಲ್ಲ ಹೂವಿನ ಮುಂದೆ ಸೆಲ್ಫಿ ತಗೊಂಡು ಓಡ್ತಿದ್ರೆ ನಾವು ಮರದಿಂದ ಮರಕ್ಕೆ ಬಸ್ ಸ್ಟಾಪ್ ಥರ ನಿಂತು ನಿಂತು ಹೋದ್ವಿ.

ಬೋರ್ಡೆಲ್ಲ ಇಂಗ್ಲಿಷು, ತಮಿಳು. ಅಪ್ಪ ಓದಿದ್ದು ಕನ್ನಡ ಮೀಡಿಯಂ, ತಮಿಳು ಮಾತಾಡ್ತಾರೆ, ಓದಕ್ಕೆ ಬರಲ್ಲ. ನಾನು ಓದಿ ಹೇಳೋ ಲ್ಯಾಟಿನ್ ಹೆಸರು ಅವರ ಬಾಯಿಗೆ ಬರಲಿಲ್ಲ, ಅದಕ್ಕೆ ಅವರೇ ನಾಮಕರಣ ಶುರು ಮಾಡಿದ್ರು. ಕಾರ್ಕ್ ಮರ ಬಂತು, ಅದು ಮೆಡಿಟರೇನಿಯನ್ ಸಮುದ್ರದ ಕಡೆಯದು, ಪೋರ್ಚುಗಲ್‌ನಲ್ಲಿ ಸುಮಾರು 9 ವರ್ಷಕ್ಕೊಂದು ಸಲ ತೊಗಟೆ ಸುಲೀತಾರೆ, ಸುಲಿದ್ರೂ ಮರ ಸಾಯಲ್ಲ, ಮತ್ತೆ ಬೆಳೆಯುತ್ತೆ, ಅದರಿಂದ್ಲೇ ಬಾಟಲಿ ಮುಚ್ಚಳ ಮಾಡೋದು ಅಂದೆ. "ಹಂಗಂದ್ರೆ ಬಿರಡೆ ಮರ" ಅಂದ್ರು. ಪೇಪರ್‌ಬಾರ್ಕ್ ಕಂಡಿದ್ದೇ "ಕಾಗದದ ಮರ", ತೊಗಟೆ ಹಾಳೆ ಹಾಳೆಯಾಗಿ ಏಳುತ್ತಲ್ಲ, ಅದರ ಮೇಲೂ ಯಾರೋ ಪ್ರೇಮಿಗಳು ಹೆಸರು ಕೆತ್ತಿದ್ರು, ಅಪ್ಪ ಒಂದು ಬೈಗುಳ ಬೈದ್ರು, ಅದನ್ನ ಇಲ್ಲಿ ಬರೆಯಲ್ಲ. ಮಂಕಿ ಪಜಲ್ ಮರದ ಚೂಪು ಎಲೆ ಮುಟ್ಟಿ ಬೆರಳು ಚುಚ್ಚಿಸ್ಕೊಂಡು "ಕೋತಿ ಏನು, ಇದನ್ನ ನಮ್ಮೂರ ಮೇಕೆನೂ ಮೂಸಲ್ಲ". ಕಲ್ಲಾಗಿರೋ ಮರದ ಕಾಂಡ ಒಂದಿದೆ, 2 ಕೋಟಿ ವರ್ಷ ಹಳೇದು ಅಂತ ಹೇಳಿದೆ. ಬಗ್ಗಿ ಬಗ್ಗಿ ನೋಡಿದ್ರು. ಸ್ವಲ್ಪ ಹೊತ್ತು ಸುಮ್ನಿದ್ದು "ಆಗ ಇಲ್ಲಿ ಪಟ್ಟಾ ಯಾರ ಹೆಸರಲ್ಲಿತ್ತಂತೆ?" ನಾನು ನಕ್ಕು ನಕ್ಕು ಅಲ್ಲೇ ಕೂತ್ಕೊಂಡೆ, ಇವರು ಮಾತ್ರ ಸೀರಿಯಸ್ಸಾಗೇ ಇದ್ರು. ಇಟಾಲಿಯನ್ ಗಾರ್ಡನ್ನೂ ನೋಡಿದ್ವಿ, ಹೂವು ಚೆನ್ನಾಗಿದ್ವು, ಅಷ್ಟೇ.

ಅಪ್ಪನಿಗೆ ನಿಜವಾಗ್ಲೂ ಖುಷಿ ಆಗಿದ್ದು ಈ ತೋಟದ ಕಥೆ ಕೇಳಿ. 1848ರಲ್ಲಿ ಮ್ಯಾಕೈವರ್ ಅಂತ ಲಂಡನ್ನಿನ ಕ್ಯೂ ಗಾರ್ಡನ್ನಲ್ಲಿ ಕೆಲಸ ಕಲಿತವನು ಬಂದು ಈ ಜೌಗು, ಕುರುಚಲು ಎಲ್ಲ ಸರಿ ಮಾಡಿ ತೋಟ ಕಟ್ಟಿದ. ಅದಕ್ಕೂ ಮುಂಚೆ ಇಲ್ಲಿ ಇದ್ದಿದ್ದು ಬಿಳಿಯರಿಗೆ ತರಕಾರಿ ಬೆಳೆಯೋ ತೋಟ, ತಿಂಗಳಿಗೆ 3 ರೂಪಾಯಿ ಚಂದಾ ಕಟ್ಟಿದವರ ಮನೆಗೆ ತರಕಾರಿ ಹೋಗ್ತಿತ್ತಂತೆ. ಅಪ್ಪ ನಿಂತುಬಿಟ್ರು. "ಮುಂಗಡ ದುಡ್ಡಾ?" ಹೌದಪ್ಪ, ಚಂದಾ. "ಬೆಳೆಯಕ್ಕೆ ಮುಂಚೇನೇ ದುಡ್ಡು! ನೋಡವ್ವ, ಆ ಕಾಲದಲ್ಲೇ ಅವರಿಗೆ ಗೊತ್ತಿತ್ತು, ನಾವು ಇವತ್ತೂ ಲಾರಿ ತುಂಬ್ಕೊಂಡು ಹೋಗಿ ರೇಟ್ ಯಾನ ಅಂತ ಕೇಳ್ತಾ ನಿಂತ್ಕತೀವಿ." ಹೋದ ವರ್ಷ ಕೋಸಿಗೆ ರೇಟ್ ಬಿದ್ದೋಗಿ ಅರ್ಧ ಹೊಲ ಹಂಗೇ ಟ್ರ್ಯಾಕ್ಟರಲ್ಲಿ ಉಳುಮೆ ಮಾಡಿಸಿಬಿಟ್ವಿ, ಅದು ನೆನಪಾಗಿರ್ಬೇಕು. ಅದಾದ್ಮೇಲೆ ಆ ಹುಲ್ಲುಹಾಸು ನೋಡೋ ಕಣ್ಣೇ ಬದಲಾಯ್ತು, ಇಲ್ಲಿ ಎಷ್ಟು ಸಾಲು ಬರ್ತಿತ್ತು, ನೀರು ಯಾವ ಕಡೆ ಬಸೀತಿತ್ತು ಅಂತ ಕೈ ತೋರಿಸಿ ಲೆಕ್ಕ ಹಾಕಕ್ಕೆ ಶುರು ಮಾಡಿದ್ರು.

ಮೇಲಕ್ಕೆ ಹೋಗೋ ದಾರೀಲಿ ಒಬ್ಬರು ಮಾಲಿ ಎಲೆ ಗುಡಿಸ್ತಾ ಇದ್ರು, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಅಪ್ಪ ತಮಿಳಲ್ಲೇ ಮಾತಾಡ್ಸಿದ್ರು, ಆ ಕಡೆಯಿಂದಾನೂ ತಮಿಳೇ ಬಂತು. ನಾಲ್ಕು ಮಾತಾದ್ಮೇಲೆ ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಏನೋ ಅಂದ್ರು ನೋಡಿ, ಆ ಮಾಲಿ ಪೊರಕೆ ನಿಲ್ಲಿಸಿ ನಕ್ಕರು. ಬಡಗರು ಅವರು, ಕೋತಗಿರಿ ಕಡೆ ಹಟ್ಟಿಯವರು. ಆಮೇಲೆ ಅವರು ಬಡಗದಲ್ಲಿ, ಇವರು ಕನ್ನಡದಲ್ಲಿ, ನಡುನಡುವೆ ತಮಿಳು ಸಿಗಿಸ್ಕೊಂಡು ಅರ್ಧ ಗಂಟೆ ಮಾತಾಡಿದ್ರು. ನನಗೆ ಮುಕ್ಕಾಲು ಭಾಗ ಅರ್ಥ ಆಯ್ತು, ಅಪ್ಪನಿಗೆ ಪೂರ್ತಿ ಆಗಿರ್ಬೇಕು, ಯಾಕಂದ್ರೆ ಮಾತೆಲ್ಲ ಆಲೂಗೆಡ್ಡೆ, ಮಂಜು, ಕಾಟಿ ಕಾಟ ಇವೇ. ಬಡಗ ಅಂದ್ರೆ ಬಡಗಣ ದಿಕ್ಕಿಂದ, ನಮ್ಮ ಸೀಮೆ ಕಡೆಯಿಂದ ಬಂದವರು ಅಂತಾನೇ ಅಲ್ವಾ, ಬೆಟ್ಟದ ಹೆಸರೇ ದೊಡ್ಡಬೆಟ್ಟ, ಇದಕ್ಕಿಂತ ಕನ್ನಡ ಬೇಕಾ.

ಅಲ್ಲೇ ಅಪ್ಪ ಕೇಳಿದ್ದು, ನೀಲ್ಗಿರಿ ಮರ ಎಲ್ಲಿ ಅಂತ. ಮಾಲಿಗೆ ತಲೆಬುಡ ತಿಳೀಲಿಲ್ಲ, ನೀಲಗಿರೀಲಿ ಇರೋದೆಲ್ಲ ನೀಲಗಿರಿ ಮರವೇ ತಾನೆ. ನಾನು ಯೂಕಲಿಪ್ಟಸ್ ಅಂದೆ. "ಓ, ಕರ್ಪೂರ ಮರವಾ" ಅಂತ ತಮಿಳರ ಹೆಸರು ಹೇಳಿ ಮೇಲ್ಗಡೆ ಇಳಿಜಾರು ತೋರಿಸಿದ್ರು. ಉದ್ದಕ್ಕೆ, ಬೂದಿ ಬಣ್ಣಕ್ಕೆ, ತೊಗಟೆ ಜೋತಾಡಿಸ್ಕೊಂಡು ನಿಂತಿದ್ವು. ನಾನು ಬಾಯಿ ಮುಚ್ಕೊಂಡಿರಬೇಕಿತ್ತು, ಇರಲಿಲ್ಲ. ಅಪ್ಪ, ಇದು ಇಲ್ಲೀದಲ್ಲ, ಆಸ್ಟ್ರೇಲಿಯಾದು, ಸೌದೆಗೆ ಅಂತ ಇಲ್ಲಿನ ಸೋಲೆ ಕಾಡು, ಅಂದ್ರೆ ಬೆಟ್ಟದ ಕಣಿವೇಲಿ ತಾನಾಗೇ ಬೆಳೆದ ಕಾಡು, ಕಡಿದು ಖಾಲಿ ಮಾಡ್ಕೊಂಡ್ರು, ಬೇಗ ಬೆಳೆಯೋ ಮರ ಬೇಕಾಯ್ತು, 1843ರಲ್ಲಿ ತಂದು ಹಾಕಿದ್ರು, ಆಮೇಲೆ ಬೆಟ್ಟ ಬೆಟ್ಟಾನೇ ತುಂಬಿಸಿದ್ರು, ಇಲ್ಲಿಂದ ಎಣ್ಣೆ ಬಂತು ಅಂತ ನಾವು ಕನ್ನಡದಲ್ಲಿ ನೀಲ್ಗಿರಿ ಅಂತ ಕರೆದ್ವಿ ಅಂತ ಒಂದೇ ಉಸಿರಲ್ಲಿ ಹೇಳ್ಬಿಟ್ಟೆ. ಅಪ್ಪ ಮಾಲಿ ಮುಖ ನೋಡಿದ್ರು. ಅವರು ಹೌದು ಅನ್ನೋ ಥರ ತಲೆ ಆಡಿಸಿ, ನಮ್ಮ ಹಟ್ಟಿ ಕೆಳಗಿನ ಸೋಲೇಲಿ ಬೇಸಿಗೇಲೂ ನೀರು ಹರಿಯುತ್ತೆ, ಈ ಮರದ ಕೆಳಗೆ ಮಳೆಗಾಲದಲ್ಲೂ ನೆಲ ಗಟ್ಟಿ ಅಂದ್ರು. ತಮ್ಮ ಹೇಳಿದ್ದೂ ಅದೇ. ಅಪ್ಪ ಒಂದು ಎಲೆ ಎತ್ತಿ ಉಜ್ಜಿ ಮೂಸಿದ್ರು, ಮಾತಿಲ್ಲ.

ತೋಟದ ತುದೀಲಿ ತೋಡರ ಮಂದ್ ಇದೆ, ಅಂದ್ರೆ ಈ ಬೆಟ್ಟದ ಆದಿವಾಸಿಗಳ ಹಟ್ಟಿ, ಅರ್ಧ ಪೀಪಾಯಿ ಮಗುಚಿದ ಹಂಗಿರೋ ಮನೆ, ತೂರಿಕೊಂಡೇ ಹೋಗೋ ಅಷ್ಟು ಬಾಗಿಲು. ಅಪ್ಪನ ಮಂಡಿ ಒಪ್ಪಲಿಲ್ಲ, ನಾನೊಬ್ಳೇ ಹೋಗಿ ಫೋಟೋ ತಂದು ತೋರಿಸಿದೆ. ದಾರೀಲಿ ಸೋಲೆ ಮರಗಳೂ ಒಂದಷ್ಟಿದ್ವು, ಕುಳ್ಳಗೆ, ಗಂಟುಗಂಟಾಗಿ, ಪಾಚಿ ಹಿಡಿದು. ನಾನು ಹೋದ ದಾರೀಲಿ ಅವಕ್ಕೆ ಬೋರ್ಡ್ ಕಾಣಲಿಲ್ಲ. ಹೊರಗಿನಿಂದ ಬಂದವಕ್ಕೆಲ್ಲ ಬೋರ್ಡು, ಇಲ್ಲೇ ಹುಟ್ಟಿದ್ದಕ್ಕೆ ಇಲ್ಲ, ಸ್ವಲ್ಪ ಸಿಟ್ಟೇ ಬಂತು. ಅಪ್ಪ ಇದ್ದಿದ್ರೆ ಅವಕ್ಕೂ ಹೆಸರಿಟ್ಟಿರೋರು.

ಸಂಜೆ ಬಸ್ ಹತ್ತೋಕೆ ಮುಂಚೆ ಅಂಗಡೀಲಿ ಒಂದು ಬಾಟ್ಲಿ ನೀಲ್ಗಿರಿ ಎಣ್ಣೆ ತಗೊಂಡ್ರು, ಚೌಕಾಸಿ ಮಾಡಿ. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಹಾಕ್ತಾರಲ್ಲ, ಅಷ್ಟರಲ್ಲಿ ದಾಟಿ, ಗುಂಡ್ಲುಪೇಟೇಲಿ ನೆಂಟರ ಮನೇಲಿ ಮಲಗಿ, ಬೆಳಗ್ಗೆ ಊರು ಸೇರಿದ್ವಿ. ಅವ್ವ ಮಂಡಿಗೆ ಎಣ್ಣೆ ತಿಕ್ತಾ "ನೀಲ್ಗಿರಿ ಮರ ನೋಡುದ್ರಾ?" ಅಂತ ಕೇಳಿದ್ಲು.

"ನೋಡ್ದೆ. ಅದು ಅಲ್ಲೀದಲ್ವಂತೆ ಕಣೆ."

"ಮತ್ತೆ ಎಲ್ಲೀದು?"

ಅಪ್ಪ ಸ್ವಲ್ಪ ಹೊತ್ತು ಮಂಡಿ ಚಾಚ್ಕೊಂಡು ಕೂತಿದ್ರು. ಆಮೇಲೆ ಅಂಗಳದಲ್ಲಿ ಬೈಕ್ ಒರೆಸ್ತಿದ್ದ ತಮ್ಮನ್ನ ಕೂಗಿ, "ಲೋ, ಬಾವಿ ಕಡೆ ಇರೋ ನಾಲ್ಕು ಮಾತ್ರ. ಮಿಕ್ಕಿದ್ದು ನಾನು ಇರೋಗಂಟ ಮುಟ್ಟಬ್ಯಾಡ" ಅಂದ್ರು.